ಮದ್ದಿನ ಪರೀಕ್ಷೆಗೆ ಕರೆ ಬಂದರೆ

ಕಳೆದ ಮಳೆಗಾಲ ಹಿಡಿಯುವ ಮುಂಚೆ, ಮೈಲುತುತ್ತಿನ ಬಾಬ್ತು ಲೆಕ್ಕ ನೋಡಲೆಂದು ನಮ್ಮ ಸಂಘದ ಕಚೇರಿಗೆ ಬಂದಿದ್ದ ಹಿರಿಯ ಸದಸ್ಯರೊಬ್ಬರು ಕೆಲಸ ಮುಗಿದರೂ ಏಳದೆ ಬೆಂಚಿನಲ್ಲೇ ಕುಳಿತಿದ್ದರು. ಕಡಬದ ಕಡೆಯವರು. ಎರಡು ಎಕರೆ ಅಡಿಕೆ, ಅದರ ಎಡೆಯಲ್ಲಿ ಒಂದಿಷ್ಟು ಕಾಫಿ, ಕಾಳುಮೆಣಸು. ಸ್ವಲ್ಪ ಹೊತ್ತಿನ ಮೇಲೆ ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ್ದ ಕಾಗದದ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

“ನಮ್ಮ ಮನೆಯವಳ ಗಂಟುನೋವಿಗೆ ಹೊಸ ಮದ್ದು ಕೊಡ್ತಾರಂತೆ. ಪುಕ್ಕಟೆ. ಇದಕ್ಕೆ ನಾನೊಂದು ರುಜು ಹಾಕಿ ಕಳಿಸಿದರೆ ಸಾಕಂತೆ. ಹಾಕುವುದಾ ಬೇಡವಾ, ನೀವೊಮ್ಮೆ ನೋಡಿ ಹೇಳಿ ಮಾರಾಯ್ರೆ.”

ಕಾಗದ ಇಂಗ್ಲಿಷಿನಲ್ಲಿತ್ತು, ಎಂಟು ಪುಟ. ಐದನೆಯ ಪುಟದಲ್ಲಿ, ಈಗ ನುಂಗುತ್ತಿರುವ ನೋವಿನ ಮಾತ್ರೆಯನ್ನು ಮೊದಲೇ ನಿಲ್ಲಿಸತಕ್ಕದ್ದೆಂದು ಒಂದು ಸಾಲು ಇತ್ತು. ಅದು ಅವರಿಗೂ ಗೊತ್ತಿರಲಿಲ್ಲ, ಅವರ ಮನೆಯವರಿಗೂ ಗೊತ್ತಿರಲಿಲ್ಲ. ಕಾಗದ ಕೊಟ್ಟದ್ದು ಯಾವ ಆಸ್ಪತ್ರೆಯೆಂಬುದು ಇಲ್ಲಿ ಬೇಡ. ಆದರೆ ಇಂಥ ಕಾಗದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಇನ್ನೆಷ್ಟು ಮನೆಗಳ ಕಪಾಟಿನಲ್ಲಿ ಇದ್ದೀತೋ ಎಂದು ನಮಗನಿಸಿತು. ಆದುದರಿಂದ ಈ ಲೇಖನ.

ಪರೀಕ್ಷೆ ಎಂಬುದು ಬೆಳೆಗಾರರಿಗೆ ಹೊಸತಲ್ಲ. ವಿಟ್ಲದ ಸಂಶೋಧನಾ ಕೇಂದ್ರದವರು ತೋಟಕ್ಕೆ ಬಂದು ಒಂದು ಸಾಲಿಗೆ ಗೊಬ್ಬರ ಹಾಕಿ, ಪಕ್ಕದ ಸಾಲಿಗೆ ಹಾಕದೆ ಬಿಟ್ಟು, ಎರಡರ ಫಸಲನ್ನೂ ತೂಗಿ ನೋಡುವುದನ್ನು ನಾವು ಕಂಡವರೇ. ಹಾಕದೆ ಬಿಟ್ಟ ಸಾಲು ಇಲ್ಲದೆ ಹೋದರೆ, ಫಸಲು ಹೆಚ್ಚಿದ್ದು ಗೊಬ್ಬರದಿಂದಲೋ ಆ ವರ್ಷದ ಮಳೆಯಿಂದಲೋ ಹೇಳುವವರಾರು? ಕ್ಲಿನಿಕಲ್ ಟ್ರಯಲ್ ಎಂದು ವೈದ್ಯರು ಕರೆಯುವುದು ಇದನ್ನೇ, ಅಡಿಕೆ ಮರದ ಬದಲು ಮನುಷ್ಯರಲ್ಲಿ. ಸೇರಿದವರಲ್ಲಿ ಅರ್ಧ ಜನಕ್ಕೆ ಹೊಸ ಮದ್ದು, ಉಳಿದರ್ಧಕ್ಕೆ ಹಳೆಯ ಮದ್ದು ಅಥವಾ ನೋಡಲು ಹಾಗೆಯೇ ಕಾಣುವ, ಒಳಗೆ ಏನೂ ಇಲ್ಲದ ಹುಸಿಮಾತ್ರೆ. ಯಾರಿಗೆ ಯಾವುದೆಂಬುದು ಚೀಟಿ ಎತ್ತಿದ ಹಾಗೆ ನಿಶ್ಚಯವಾಗುತ್ತದೆ. ಅನೇಕ ಪರೀಕ್ಷೆಗಳಲ್ಲಿ ಕೊಡುವ ವೈದ್ಯರಿಗೂ ಅದು ಗೊತ್ತಿರುವುದಿಲ್ಲ. ಗೊತ್ತಾದರೆ ಅವರ ಕಣ್ಣು ಒಂದು ಕಡೆಗೆ ವಾಲೀತೆಂಬ ಶಂಕೆಯಿಂದ ಹಾಗೆ ಮಾಡುತ್ತಾರೆ.

ವ್ಯತ್ಯಾಸ ಒಂದೇ. ಅಡಿಕೆ ಮರ ಬೇಡವೆನ್ನಲಾರದು, ಮನುಷ್ಯ ಎನ್ನಬಲ್ಲ. “ಹೊಸ ಮದ್ದು ಕೊಡ್ತಾರಂತೆ” ಎಂಬ ಮಾತನ್ನು ನಾವು ಬಿಡಬೇಕು. ಕೊಡುವುದು ಹೊಸ ಮದ್ದೇ ಆಗಿರಬೇಕೆಂದಿಲ್ಲ, ಹೊಸತಾದರೂ ಅದು ಗುಣ ಮಾಡೀತೆಂದು ಯಾರಿಗೂ ತಿಳಿದಿಲ್ಲ. ತಿಳಿದಿದ್ದರೆ ಪರೀಕ್ಷೆ ಏಕೆ?

ನಮ್ಮ ಸೀಮೆಯವರು ಇಂಥದಕ್ಕೆ ಹಿಂದೆಯೂ ತೋಳು ಕೊಟ್ಟಿದ್ದಾರೆ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ. ಘಟ್ಟದ ಕೆಳಗೆ ಅದು ದೊಡ್ಡದಾಗಿ ಕಾಣಿಸಿದ್ದು 1982ರ ಕೊನೆಯಲ್ಲಿ, ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಪರಿಸರದಲ್ಲಿ, ಗೇರು ತೋಪಿಗೆಂದು ಕಾಡು ಕಡಿದ ಜಾಗದ ಆಚೀಚೆ. ಅಂದು ಪುತ್ತೂರು ತಾಲೂಕಿಗೇ ಸೇರಿದ್ದ ಕಡಬದ ಗ್ರಾಮಗಳಿಗೆ ಅದೇನೂ ದೂರದ ಊರಲ್ಲ. 1983ರ ಆ ಒಂದು ಹಾವಳಿಯಲ್ಲಿ 1,500ಕ್ಕೂ ಮಿಕ್ಕಿ ಜನ ಮಲಗಿದರು, 150ರಷ್ಟು ಜನ ತೀರಿಕೊಂಡರು. ಮುಸುವ, ಮಂಗಗಳು ಸತ್ತು ಬಿದ್ದಲ್ಲಿ ಉದುರಿದ ಉಣ್ಣಿ ಕಚ್ಚಿ ಬರುವ ಜ್ವರ ಅದು. ತರಗೆಲೆ ಗುಡಿಸಲು, ಸೊಪ್ಪು ತರಲು, ದನ ಹೊಡೆದುಕೊಂಡು ಬರಲು ಕುಮ್ಕಿಗೂ ಕಾಡಿಗೂ ಹೋಗುವವರಿಗೇ, ಅಂದರೆ ನಮಗೂ ನಮ್ಮ ತೋಟದ ಆಳುಗಳಿಗೂ ಬರುವ ಜ್ವರ.

ಅದರ ಲಸಿಕೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕಾಯಿಲೆ ಕಂಡ ಹೊಸತರಲ್ಲಿ, ರಷ್ಯಾದ ಒಂದು ಉಣ್ಣಿಜ್ವರಕ್ಕೆ ಮಾಡಿದ ಲಸಿಕೆ ಇದಕ್ಕೂ ಆದೀತೆಂದು ಶಿವಮೊಗ್ಗ ಜಿಲ್ಲೆಯ ಸಾವಿರಾರು ಜನರಿಗೆ ಚುಚ್ಚಿದರು. ಎರಡೂ ರೋಗಾಣುಗಳು ಒಂದೇ ಬಳಗದವು, ಊಹೆ ತಪ್ಪೆನ್ನುವಂತಿರಲಿಲ್ಲ. ಆದರೆ ಪ್ರಯೋಜನವಾಗಲಿಲ್ಲ. ಅನಂತರ ಮಂಗನ ಕಾಯಿಲೆಯ ರೋಗಾಣುವಿನಿಂದಲೇ ಲಸಿಕೆ ತಯಾರಾಯಿತು. 1990ರಿಂದ 1992ರ ತನಕ ಶಿವಮೊಗ್ಗ, ಉತ್ತರ ಕನ್ನಡ ಮತ್ತು ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಅದನ್ನು ಕೊಟ್ಟು ನೋಡಿದಾಗ, ಒಂದು ಚುಚ್ಚಿಗೆ ನೂರಕ್ಕೆ 79ರಷ್ಟು, ಎರಡು ಚುಚ್ಚಿಗೆ 93ರಷ್ಟು ರಕ್ಷಣೆ ಇದೆಯೆಂದು ಲೆಕ್ಕ ಬಂತು. ಅದೇ ಲಸಿಕೆಯನ್ನು 2005ರಿಂದ 2010ರ ಅವಧಿಗೆ ಮತ್ತೆ ಲೆಕ್ಕ ಹಾಕಿದಾಗ ಎರಡು ಚುಚ್ಚಿಗೆ ಸಿಕ್ಕಿದ್ದು 62 ಮಾತ್ರ. ಮೇಲಿಂದೊಂದು ಬಲವರ್ಧಕ ಚುಚ್ಚು ಕೊಟ್ಟರೆ 83ರ ಹತ್ತಿರ.

93 ಎಲ್ಲಿ, 62 ಎಲ್ಲಿ? ಕಾರಣ ಹಲವಿರಬಹುದು. ಒಂದನ್ನು ನಾವು ಊಹಿಸಬಲ್ಲೆವು. 1990ರ ಕೆಲಸದಲ್ಲಿ ಚೀಟಿ ಎತ್ತಿರಲಿಲ್ಲ. ತಾವಾಗಿ ಬಂದು ಹಾಕಿಸಿಕೊಂಡವರನ್ನು ಬಾರದೆ ಉಳಿದವರ ಜೊತೆ ಹೋಲಿಸಿದ್ದರು. ತಾನಾಗಿ ಬಂದು ತೋಳು ಒಡ್ಡುವವನು ಕಾಡಿನಿಂದ ಬಂದೊಡನೆ ಬಿಸಿನೀರಲ್ಲಿ ಮೀಯುವ ಜಾಗ್ರತೆಯವನೂ ಆಗಿದ್ದಾನು. ಆಗ ಅವನನ್ನು ಕಾಪಾಡಿದ್ದು ಲಸಿಕೆಯೋ ಮೀಯುವ ನೀರೋ? ಚೀಟಿ ಎತ್ತುವ ಪದ್ಧತಿಯನ್ನು ಕಂಡು “ನಮ್ಮನ್ನು ಜೂಜಿಗಿಟ್ಟರು” ಎಂದು ಸಿಡುಕುವವರು ಈ ಪ್ರಶ್ನೆಯನ್ನು ಸ್ವಲ್ಪ ಯೋಚಿಸಿ ನೋಡಲಿ.

ಆ ಹಳೆಯ ಲಸಿಕೆ 2022ರ ಹೊತ್ತಿಗೆ ನಿಂತುಹೋಯಿತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ (ಐಸಿಎಂಆರ್) ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೂ ಸೇರಿ ಹೊಸತೊಂದನ್ನು ಸಿದ್ಧಪಡಿಸಿವೆ. ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ ಅದು ಮನುಷ್ಯರ ಮಜಲಿಗೆ ಬಂದಿದೆ. ಮೊದಲ ಹಂತದಲ್ಲಿ ಸುರಕ್ಷಿತವೋ ಎಂದು ನೋಡಲು ಬೇಕಾಗುವುದು ಕೆಲವೇ ಆರೋಗ್ಯವಂತರು. ಕಾಯಿಲೆ ತಡೆಯುತ್ತದೋ ಎಂದು ತಿಳಿಯಲು ಮಾತ್ರ ಕಾಯಿಲೆ ಇರುವ ಊರಿನ ಜನರೇ ಬೇಕು, ಅದೂ ಸಾವಿರದ ಲೆಕ್ಕದಲ್ಲಿ. ಬೆಂಗಳೂರಿನ ಪೇಟೆಯವರಿಗೆ ಚುಚ್ಚಿ ಅದನ್ನು ಕಂಡುಕೊಳ್ಳಲಾಗದು. ಮಲೆನಾಡಿಗೂ ಘಟ್ಟದ ಬುಡದ ನಮ್ಮ ಗ್ರಾಮಗಳಿಗೂ ಕರೆ ಬಂದರೆ ಬರುವುದು ಆಗ.

ಕರೆ ಬರುವ ತನಕ ಕಾಯದೆ ನಾವೇ ಹುಡುಕಲೂ ಬಹುದು. ಐಸಿಎಂಆರ್ ಅಡಿಯಲ್ಲಿ 2007ರ ಜುಲೈ 20ರಿಂದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ, ಚಿಕ್ಕದಾಗಿ ಸಿಟಿಆರ್‌ಐ, ಎಂಬ ದಫ್ತರವೊಂದಿದೆ. 2009ರ ಜೂನ್ 15ರಿಂದ ಔಷಧ ಪರೀಕ್ಷೆಗಳನ್ನು ಅದರಲ್ಲಿ ನೋಂದಾಯಿಸುವುದು ಕಡ್ಡಾಯವಾಯಿತು. 2018ರ ಏಪ್ರಿಲ್ 1ರಿಂದ, ಮೊದಲನೆಯ ವ್ಯಕ್ತಿಯನ್ನು ಸೇರಿಸಿಕೊಳ್ಳುವುದಕ್ಕೂ ಮುಂಚೆ ನೋಂದಣಿಯಾಗಿರಬೇಕು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಕಷ್ಟವೆಂದರೆ ಎಲ್ಲವೂ ಇಂಗ್ಲಿಷಿನಲ್ಲಿದೆ. ಕಾಲೇಜಿಗೆ ಹೋಗುವ ಮಗನನ್ನೋ ಸೊಸೆಯನ್ನೋ ಕೂರಿಸಿಕೊಂಡು, ಕಾಯಿಲೆಯ ಹೆಸರು ಹಾಕಿ, ರಾಜ್ಯ ಕರ್ನಾಟಕ, ಊರು ಮಂಗಳೂರು ಎಂದು ಹುಡುಕಿಸಬೇಕು. ಸುಳ್ಯದಲ್ಲೂ ಮೆಡಿಕಲ್, ಆಯುರ್ವೇದ, ದಂತ ಕಾಲೇಜುಗಳಿರುವುದರಿಂದ ಆ ಹೆಸರನ್ನೂ ಹಾಕಿ ನೋಡಬೇಕು. ಒಂದೊಂದು ಪರೀಕ್ಷೆಗೂ ಸಿಟಿಆರ್‌ಐ ಎಂದು ಶುರುವಾಗಿ ವರ್ಷ, ತಿಂಗಳು ಹೇಳುವ ನಂಬರು ಇರುತ್ತದೆ. ಎಷ್ಟು ಜನ ಬೇಕು, ಯಾವ ಪ್ರಾಯದವರು, ಯಾವ ಕಾಯಿಲೆಯವರು ಬೇಡ, ಯಾವುದರೊಡನೆ ಹೋಲಿಕೆ, ಯಾವ ಆಸ್ಪತ್ರೆಯ ಯಾವ ವೈದ್ಯರು, ಅವರ ಫೋನು, ಎಲ್ಲವೂ ಅಲ್ಲಿ ಸಿಗುತ್ತದೆ. ‘ಓಪನ್ ಟು ರಿಕ್ರೂಟ್‌ಮೆಂಟ್’ ಎಂದು ಬರೆದಿದ್ದರೆ ಮಾತ್ರ ಜನ ಸೇರಿಸಿಕೊಳ್ಳುತ್ತಿದ್ದಾರೆಂದು ಅರ್ಥ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಮದ್ದು ಒಳ್ಳೆಯದೆಂದು ಸರಕಾರ ಮುದ್ರೆ ಒತ್ತಿದ ಹಾಗಲ್ಲ. ಡಾಕ್ಟರಿಕೆ ಓದುವ ವಿದ್ಯಾರ್ಥಿಗಳ ಪ್ರಬಂಧದ ಕೆಲಸವೂ ಅಲ್ಲಿರುತ್ತದೆ. ಆದರೆ ಕೈಗೆ ಬಂದ ಕಾಗದದಲ್ಲಿ ಮದ್ದಿನ ಪರೀಕ್ಷೆ ಎಂದಿದ್ದು, ನಂಬರೇ ಇಲ್ಲದಿದ್ದರೆ, ಕೇಳಿದರೂ ಹೇಳದಿದ್ದರೆ, ಎದ್ದು ಬರುವುದೇ ಸರಿ.

ಇನ್ನು ರುಜುವಿನ ವಿಷಯ. ನಮ್ಮ ಸದಸ್ಯರು ಕೇಳಿದ್ದು ತಾನು ಹಾಕಬೇಕೋ ಬೇಡವೋ ಎಂದು. ಉತ್ತರ, ಅವರು ಹಾಕುವಂತೆಯೇ ಇಲ್ಲ. ಸ್ವಬುದ್ಧಿಯುಳ್ಳ ಪ್ರಾಯಸ್ಥರ ಒಪ್ಪಿಗೆಯನ್ನು ಗಂಡನೂ ಕೊಡಲಾರ, ಮಗನೂ ಕೊಡಲಾರ. 2009-10ರಲ್ಲಿ ಅಂದಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಬಾಲಕಿಯರಿಗೆ ಕೊಟ್ಟಾಗ, ಎಷ್ಟೋ ಒಪ್ಪಿಗೆ ಪತ್ರಗಳಿಗೆ ತಂದೆ ತಾಯಂದಿರ ಬದಲು ಹಾಸ್ಟೆಲಿನ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರ ಏಪ್ರಿಲಿನಲ್ಲಿ ಆ ಕಾರ್ಯಕ್ರಮವನ್ನೇ ತಡೆಹಿಡಿಯಬೇಕಾಯಿತು. ಪಾರ್ಲಿಮೆಂಟಿನ ಸಮಿತಿ 2013ರಲ್ಲಿ ಅದನ್ನು ಕಟುವಾಗಿ ಟೀಕಿಸಿತು. ಇಂಥವುಗಳಾದ ಮೇಲೆಯೇ ನಿಯಮಗಳು ಬಿಗಿಯಾದದ್ದು.

ಈಗ ಇರುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಾವಳಿ. ಒಪ್ಪಿಗೆ ಪತ್ರ ಸೇರುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವರಾದರೆ ಪರೀಕ್ಷೆಗೆ ಸಂಬಂಧಪಡದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ರುಜು ಆದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಯಾವಾಗ ಬೇಕಾದರೂ, ಕಾರಣ ಹೇಳದೆಯೇ ಬಿಟ್ಟು ಬರಬಹುದು. ಬಿಟ್ಟಿರೆಂದು ಆ ಆಸ್ಪತ್ರೆಯಲ್ಲಿ ನಿಮಗೆ ಸಿಗಬೇಕಾದ ಚಿಕಿತ್ಸೆಗೆ ಕುಂದು ಬರಕೂಡದು. ಪರೀಕ್ಷೆಯ ಸಮಯದಲ್ಲಿ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ. ತೊಂದರೆ ಪರೀಕ್ಷೆಯಿಂದಲೇ ಆದದ್ದೆಂದು ತೀರ್ಮಾನವಾದರೆ ಪರಿಹಾರವನ್ನೂ ಕೊಡಬೇಕು, ಜೀವ ಹೋದರೆ ಅದು ವಾರಸುದಾರರಿಗೆ ಸಲ್ಲಬೇಕು. ಪತ್ರದಲ್ಲಿ ನಾಮಿನಿಯ ಹೆಸರು ಕೇಳುವುದು ಇದಕ್ಕಾಗಿಯೇ. ಸೊಸೈಟಿಯ ಠೇವಣಿಗೆ ನಾಮಿನಿ ಬರೆಯದವರ ಹಾಗೆ ಅದನ್ನು ಖಾಲಿ ಬಿಡುವುದು ಬೇಡ. ಪರೀಕ್ಷೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ, ಅರ್ಧದಷ್ಟು ಹೊರಗಿನವರು, ಒಬ್ಬ ಕಾನೂನು ಬಲ್ಲವರು, ನಮ್ಮ ನಿಮ್ಮ ಹಾಗಿನ ಒಬ್ಬ ಸಾಮಾನ್ಯರು ಇರಬೇಕೆಂದಿದೆ. ಆ ಸಮಿತಿಯನ್ನು ಸಂಪರ್ಕಿಸುವ ವಿವರ ನಿಮ್ಮ ಪ್ರತಿಯಲ್ಲಿ ಇದೆಯೋ ನೋಡಿ.

ಹಣದ ವಿಚಾರ ಒಂದು ಮಾತು. ಪರೀಕ್ಷೆಗೆಂದೇ ಮಾಡುವ ರಕ್ತತಪಾಸಣೆ, ಎಕ್ಸ್‌ರೇಗಳ ಖರ್ಚನ್ನು ನಿಮ್ಮಿಂದ ವಸೂಲು ಮಾಡುವಂತಿಲ್ಲ. ಬಸ್ಸಿನ ಖರ್ಚು, ಹೋದ ದಿನದ ಮಜೂರಿ ಕೊಡುವುದುಂಟು. ಸಂಕೋಚಪಡದೆ ಮೊದಲೇ ಕೇಳಬೇಕು. ಸುಳ್ಯದ ಒಳಗಿನ ಗ್ರಾಮದಿಂದ ಮಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನ ಪೂರ್ತಿ ಹೋದ ಹಾಗೆಯೇ. ಆದರೆ ಯಾರಾದರೂ ದೊಡ್ಡ ಮೊತ್ತದ ಆಸೆ ತೋರಿಸಿ ಕರೆದರೆ ಅಲ್ಲಿ ಏನೋ ಸರಿಯಿಲ್ಲ.

ನಮ್ಮ ಸದಸ್ಯರು ಆ ದಿನ ಕಾಗದವನ್ನು ಮತ್ತೆ ಮಡಚಿಕೊಂಡು ಹೋದರು. ಕನ್ನಡದ್ದು ಬೇಕೆಂದು ಕೇಳಿದ್ದಕ್ಕೆ ಎರಡು ವಾರದಲ್ಲಿ ಸಿಕ್ಕಿತಂತೆ. ಇತ್ತೆಂದೇ ಆಯಿತು, ಮೊದಲು ಕೊಟ್ಟಿರಲಿಲ್ಲ ಅಷ್ಟೆ. ನಂಬರನ್ನು ನಾವು ಕಚೇರಿಯಲ್ಲೇ ಹುಡುಕಿ ನೋಡಿದೆವು, ಸರಿಯಾಗಿತ್ತು. ಮನೆಯಲ್ಲಿ ಸೊಸೆ ಜಗಲಿಯಲ್ಲಿ ಕುಳಿತು ಅತ್ತೆಗೆ ಪೂರ್ತಿ ಓದಿ ಹೇಳಿದಳು. ಅವರಿಗೆ ಮಾತ್ರೆ ನಿಲ್ಲಿಸುವುದಕ್ಕಿಂತ ತಾರೀಕುಗಳದ್ದೇ ತಕರಾರು. ಆರು ತಿಂಗಳಲ್ಲಿ ಏಳು ಸಲ ಹೋಗಬೇಕು, ಅದರಲ್ಲೊಂದು ಮೊದಲ ಕೊಯ್ಲಿನ ವಾರದಲ್ಲೇ ಬರುತ್ತಿತ್ತು. “ಅಂಗಳದಲ್ಲಿ ಅಡಿಕೆ ಬಿಟ್ಟು ನಾನು ಬರುವವಳಲ್ಲ” ಎಂದು ವೈದ್ಯರಿಗೆ ಅವರೇ ಹೇಳಿದರಂತೆ. ನಾಲ್ಕು ದಿನ ಆಚೀಚೆ ಆಗಬಹುದೆಂದು ವೈದ್ಯರು ಒಪ್ಪಿದ ಮೇಲೆ, ತಮ್ಮ ಕೈಯಾರೆ ರುಜು ಹಾಕಿದರು.

ಮೊನ್ನೆ ಗೊಬ್ಬರ ಒಯ್ಯಲು ಬಂದಾಗ, ಗಂಟು ಹೇಗಿದೆಯೆಂದು ವಿಚಾರಿಸಿದೆವು. “ಮೆಟ್ಟಿಲು ಹತ್ತುತ್ತಾಳೆ” ಎಂದರು. “ಆದರೆ ನುಂಗುವುದು ಯಾವ ಮಾತ್ರೆ ಅಂತ ಅವಳಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲವಂತೆ.”