ಪ್ರಾದೇಶಿಕ ವಿಶ್ವವಿದ್ಯಾಲಯ ಮತ್ತು ಜನರ ಆರೋಗ್ಯ: ಯೋಜನೆ ಎಲ್ಲಿಂದ ಆರಂಭವಾಗಬೇಕು?

ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಯಾರಿಗಾದರೂ ಕಾಯಿಲೆ ಉಲ್ಬಣಿಸಿದರೆ ಮನೆಯವರ ಮುಂದೆ ಮೊದಲು ನಿಲ್ಲುವ ಪ್ರಶ್ನೆ ‘ಯಾವ ಊರಿಗೆ ಒಯ್ಯಬೇಕು?’ ಎಂಬುದು. ಕಲಬುರಗಿಯಲ್ಲಿ ಆಗದಿದ್ದರೆ ಸೊಲ್ಲಾಪುರ, ಅಲ್ಲಿಯೂ ಆಗದಿದ್ದರೆ ಹೈದರಾಬಾದು, ಕೊನೆಗೆ ಬೆಂಗಳೂರು. ಕಲಬುರಗಿಯಿಂದ ಸೊಲ್ಲಾಪುರ ಸುಮಾರು 110 ಕಿ.ಮೀ., ಹೈದರಾಬಾದು ಸುಮಾರು 220 ಕಿ.ಮೀ., ಬೆಂಗಳೂರು 550 ಕಿ.ಮೀ.ಗೂ ಹೆಚ್ಚು. ಈ ದಾರಿಯಲ್ಲಿ ಕಳೆಯುವ ಹೊತ್ತು ರೋಗಿಯ ಪ್ರಾಣಕ್ಕೆ ಸಂಬಂಧಿಸಿದ್ದು. ಅದಕ್ಕಾಗಿ ಮಾಡುವ ಸಾಲ ಇಡೀ ಕುಟುಂಬದ ಬಾಳಿಗೆ ಸಂಬಂಧಿಸಿದ್ದು. ಆದುದರಿಂದ ನಮ್ಮ ಭಾಗದ ವಿಶ್ವವಿದ್ಯಾಲಯದ ಆವರಣವು ಆರೋಗ್ಯ ವಿಜ್ಞಾನ ಮತ್ತು ತಂತ್ರಜ್ಞಾನದಲ್ಲಿ ಹೇಗೆ ಬೆಳೆಯಬೇಕೆಂಬ ವಿಚಾರವು ವಿದ್ವಾಂಸರಿಗೆ ಮಾತ್ರ ಬಿಟ್ಟ ವಿಚಾರವಲ್ಲ. ಸದ್ಭಕ್ತರೆಲ್ಲರೂ ಅದನ್ನು ತಿಳಿದಿರಬೇಕೆಂಬುದು ನಮ್ಮ ಆಶಯ.

ಮೊದಲು ಇಂದಿನ ವ್ಯವಸ್ಥೆಯನ್ನು ಅರಿಯೋಣ. ಗುಲಬರ್ಗಾ ವಿಶ್ವವಿದ್ಯಾಲಯ ಸ್ವತಂತ್ರವಾಗಿ ಆರಂಭವಾದದ್ದು 1980ರಲ್ಲಿ. ಅದಕ್ಕೂ ಮುನ್ನ ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇದಕ್ಕಿಂತ ಹಳೆಯದು. ಅದು 1963ರಲ್ಲಿ ಸ್ಥಾಪನೆಯಾಯಿತು. ಆದರೆ 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ, ರಾಜ್ಯದ ವೈದ್ಯಕೀಯ, ದಂತವೈದ್ಯಕೀಯ, ಆಯುರ್ವೇದ, ನರ್ಸಿಂಗ್ ಮತ್ತು ಔಷಧ ವಿಜ್ಞಾನ ಕಾಲೇಜುಗಳಲ್ಲಿ ಹೆಚ್ಚಿನವು ಅದರ ವ್ಯಾಪ್ತಿಗೆ ಸೇರಿದವು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದಾಗ ಎಂಜಿನಿಯರಿಂಗ್ ಕಾಲೇಜುಗಳು ಅದರ ಕಡೆಗೆ ಹೋದವು. ಹೀಗಾಗಿ ಪ್ರಾದೇಶಿಕ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ, ಸೂಕ್ಷ್ಮಜೀವಿ ವಿಜ್ಞಾನ, ಜೈವಿಕ ತಂತ್ರಜ್ಞಾನಗಳಂಥ ಮೂಲ ವಿಜ್ಞಾನಗಳು ಉಳಿದವು. ರೋಗಿಯೂ ಯಂತ್ರವೂ ಬೇರೆ ಬೇರೆ ಕಡೆ ಸೇರಿಕೊಂಡವು.

ಈ ಮೂರನ್ನೂ ಮತ್ತೆ ಒಂದೆಡೆ ಕೂಡಿಸುವುದೇ ಯೋಜನೆಯ ಮೊದಲ ಕೆಲಸ. ಅದಕ್ಕೆ ಹೊಸ ಕಟ್ಟಡಕ್ಕಿಂತ ಮುಂಚೆ ಒಡಂಬಡಿಕೆ ಬೇಕು. ವಿಶ್ವವಿದ್ಯಾಲಯದ ಪ್ರಯೋಗಾಲಯ, ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮತ್ತು ತಾಂತ್ರಿಕ ವಿಶ್ವವಿದ್ಯಾಲಯದ ಕಲಬುರಗಿ ಕೇಂದ್ರ ಇವು ಒಂದೇ ಪ್ರಶ್ನೆಯ ಮೇಲೆ ಒಟ್ಟಿಗೆ ದುಡಿಯುವಂತಿರಬೇಕು.

ಆ ಪ್ರಶ್ನೆಗಳು ಯಾವುವು? ನಮ್ಮ ನೆಲವೇ ಅವನ್ನು ಕೊಡುತ್ತದೆ. ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳ ಅನೇಕ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಹಲ್ಲು ಕಂದುವುದು, ಕೀಲು ಬಿಗಿಯುವುದು ಅದರ ಫಲ. ಕೆಲವೆಡೆ ಆರ್ಸೆನಿಕ್ ಕೂಡ ಕಂಡುಬಂದಿದೆ. ಹೊಲದಲ್ಲಿ ದುಡಿಯುವವರಿಗೆ ಹಾವು ಕಡಿತದ ಭಯ ಎಂದಿಗೂ ತಪ್ಪಿದ್ದಲ್ಲ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ನಮ್ಮ ದೇಶದಲ್ಲಿ ದೊರೆಯುವ ವಿಷನಿರೋಧಕ ಔಷಧವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಇಂಥ ವಿಷಯವನ್ನು ಇಲ್ಲಿನ ಪ್ರಯೋಗಾಲಯವಲ್ಲದೆ ದೂರದ ನಗರವು ಏಕೆ ಆದ್ಯತೆಯಿಂದ ಶೋಧಿಸೀತು?

ಎರಡನೆಯದು ಕೈಗಳ ಮಾತು. ಆರೋಗ್ಯ ಶಿಕ್ಷಣವೆಂದರೆ ಎಂ.ಬಿ.ಬಿ.ಎಸ್. ಸೀಟು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಾವು ಕಡಿದ ರೋಗಿಯನ್ನೇ ನೋಡಿ. ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ತೆಗೆದು, 20 ನಿಮಿಷ ಅಲುಗಿಸದೆ ಇಟ್ಟು, ನಂತರ ವಾಲಿಸಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ಏರಿರುವ ಸೂಚನೆ ದೊರೆಯುತ್ತದೆ. ಈ ಪರೀಕ್ಷೆಗೆ ಬೆಲೆಬಾಳುವ ಯಂತ್ರ ಬೇಡ. ತರಬೇತಾದ ಶುಶ್ರೂಷಕಿ ಅಥವಾ ಪ್ರಯೋಗಾಲಯ ತಂತ್ರಜ್ಞರು ಆ ರಾತ್ರಿ ಅಲ್ಲಿರಬೇಕು, ಅಷ್ಟೇ. ಡಯಾಲಿಸಿಸ್, ಎಕ್ಸ್-ರೇ, ಅರಿವಳಿಕೆ, ಅಂಗಮರ್ದನ ಚಿಕಿತ್ಸೆ, ಶ್ರವಣ ಪರೀಕ್ಷೆ ಎಲ್ಲವೂ ಇಂಥ ತಂತ್ರಜ್ಞರನ್ನೇ ನೆಚ್ಚಿವೆ. ಇವರ ಶಿಕ್ಷಣಕ್ಕೆ ಒಂದು ಚೌಕಟ್ಟು ಕಲ್ಪಿಸಲು 2021ರಲ್ಲಿ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಿದೆ. ಆವರಣವು ಈ ಪಠ್ಯಕ್ರಮಗಳನ್ನು ಮೊದಲು ಬಲಪಡಿಸಿದರೆ ಕೆಲವೇ ವರ್ಷಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಕೈಗಳು ದೊರೆಯುತ್ತವೆ.

ಯಂತ್ರ ಕೊಳ್ಳುವುದು ಸುಲಭ, ನಡೆಸುವುದು ಕಷ್ಟ. ಕೆಟ್ಟ ವೆಂಟಿಲೇಟರನ್ನು ಸರಿಪಡಿಸಲು ಬೆಂಗಳೂರಿನಿಂದ ಬರುವವರಿಗಾಗಿ ಕಾಯುತ್ತಾ ಕುಳಿತರೆ ಅದು ಇದ್ದೂ ಇಲ್ಲದಂತೆ. ವೈದ್ಯಕೀಯ ಉಪಕರಣಗಳ ದುರಸ್ತಿ ಬಲ್ಲ ಜೀವವೈದ್ಯಕೀಯ ಎಂಜಿನಿಯರುಗಳನ್ನು ಇಲ್ಲಿಯೇ ತಯಾರು ಮಾಡುವುದು ತಂತ್ರಜ್ಞಾನ ವಿಭಾಗದ ಮುಖ್ಯ ಗುರಿಯಾಗಬೇಕು.

ಮೂರನೆಯದು ನೀರು ಮತ್ತು ತ್ಯಾಜ್ಯ. 100 ಹಾಸಿಗೆಗಳಿಗಿಂತ ದೊಡ್ಡ ಆಸ್ಪತ್ರೆಗೆ ಪ್ರತಿ ಹಾಸಿಗೆಗೆ ದಿನಕ್ಕೆ 450 ಲೀಟರ್ ನೀರು ಬೇಕೆಂಬುದು ಭಾರತೀಯ ಮಾನದಂಡ. ವರ್ಷಕ್ಕೆ 50 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಕಾಲೇಜಿಗೆ 2023ರ ನಿಯಮದ ಪ್ರಕಾರ ಕನಿಷ್ಠ 220 ಹಾಸಿಗೆಗಳ ಆಸ್ಪತ್ರೆ ಬೇಕು. ಎಂದರೆ ದಿನಕ್ಕೆ ಸುಮಾರು 1 ಲಕ್ಷ ಲೀಟರ್. ಒಬ್ಬ ರೋಗಿಗೆ ನಾಲ್ಕು ಗಂಟೆಗಳ ಒಂದು ಡಯಾಲಿಸಿಸ್‌ಗೆ ಮಾತ್ರವೇ ಸುಮಾರು 120 ಲೀಟರ್ ಶುದ್ಧ ನೀರು ತಗಲುತ್ತದೆ; ಶುದ್ಧೀಕರಿಸುವಾಗ ಹೊರಹೋಗುವ ನೀರು ಬೇರೆ. ಬೇಸಿಗೆಯಲ್ಲಿ ಕೊಡ ಹಿಡಿದು ಸಾಲು ನಿಲ್ಲುವ ಊರಿನ ಪಕ್ಕದಲ್ಲಿ ಇಷ್ಟು ನೀರನ್ನು ಎಲ್ಲಿಂದ ತರುತ್ತೇವೆಂದು ನಕ್ಷೆ ಬರೆಯುವ ಮೊದಲೇ ಹೇಳಬೇಕು. ಮಳೆನೀರಿನ ಸಂಗ್ರಹ, ಬಳಸಿದ ನೀರಿನ ಶುದ್ಧೀಕರಣ ಇವು ಯೋಜನೆಯ ಒಳಗೇ ಇರಬೇಕು. ಆಸ್ಪತ್ರೆಯ ತ್ಯಾಜ್ಯವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರ್ಪಡಿಸಿ, ಸಂಸ್ಕರಿಸದೆ 48 ಗಂಟೆ ಮೀರಿ ಇಟ್ಟುಕೊಳ್ಳಬಾರದೆಂದು 2016ರ ನಿಯಮಗಳು ಹೇಳುತ್ತವೆ. ಇದಕ್ಕೆ ಜಾಗ ಬಿಡದ ಆವರಣವು ರೋಗ ಕಳೆಯುವ ಬದಲು ಹಂಚುತ್ತದೆ.

ನಾಲ್ಕನೆಯದು, ಕಲಿತವರು ಇಲ್ಲಿಯೇ ನಿಲ್ಲುವಂತೆ ಮಾಡುವುದು. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸ್ಥಾನಗಳು ಸ್ಥಳೀಯರಿಗೆ ಮೀಸಲಾಗಿವೆ. ಆದರೆ ಸ್ಥಾನ ಸಿಕ್ಕರೆ ಸಾಲದು. ಹಳ್ಳಿಯಿಂದ ಬಂದ ಹೆಣ್ಣುಮಗಳಿಗೆ ಸುರಕ್ಷಿತ ವಸತಿನಿಲಯ, ಕನ್ನಡದಲ್ಲಿ ಓದಿ ಬಂದವರಿಗೆ ಮೊದಲ ವರ್ಷ ಇಂಗ್ಲಿಷಿನ ನೆರವು, ಖಾಲಿ ಬೀಳದ ಅಧ್ಯಾಪಕ ಹುದ್ದೆಗಳು, ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಿ ಇವಿದ್ದರೆ ಮಾತ್ರ ಆ ಮೀಸಲಾತಿ ಫಲ ಕೊಡುತ್ತದೆ. ತನ್ನ ಊರಿನ ರೋಗಿಯನ್ನು ಮುಟ್ಟಿ ಕಲಿತವರು ಆ ಊರನ್ನು ಮರೆಯುವುದು ಕಡಿಮೆ.

ಇನ್ನು ಸದ್ಭಕ್ತರು ಮಾಡಬಹುದಾದದ್ದೇನು? ನಿಮ್ಮ ಭಾಗದಲ್ಲಿ ಆವರಣದ ವಿಸ್ತರಣೆಯ ಮಾತು ಬಂದಾಗ ಜನಪ್ರತಿನಿಧಿಗಳನ್ನೂ ಅಧಿಕಾರಿಗಳನ್ನೂ ಮೂರು ಪ್ರಶ್ನೆ ಕೇಳಿರಿ: ಯಾವ ಆಸ್ಪತ್ರೆಯೊಡನೆ ಒಡಂಬಡಿಕೆಯಾಗಿದೆ? ನೀರು ಎಲ್ಲಿಂದ? ಅಧ್ಯಾಪಕರು ಎಷ್ಟು ಮಂದಿ? ಮಕ್ಕಳನ್ನು ನರ್ಸಿಂಗ್ ಅಥವಾ ಅರೆವೈದ್ಯಕೀಯ ಶಿಕ್ಷಣಕ್ಕೆ ಸೇರಿಸುವ ಮುನ್ನ ಆ ಸಂಸ್ಥೆಗೆ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆಯೋ, ನರ್ಸಿಂಗ್ ಪರಿಷತ್ತು ಅಥವಾ ಅರೆವೈದ್ಯಕೀಯ ಮಂಡಳಿಯ ಮಾನ್ಯತೆಯೋ ಇದೆಯೇ ಎಂದು ಕಾಗದವನ್ನು ಕಣ್ಣಾರೆ ನೋಡಿರಿ. ಮಾನ್ಯತೆಯಿಲ್ಲದ ಪ್ರಮಾಣಪತ್ರವು ಮಗುವಿನ ವರ್ಷಗಳನ್ನೂ ತಂದೆತಾಯಿಯ ದುಡಿಮೆಯನ್ನೂ ನುಂಗುತ್ತದೆ.

ವೈದ್ಯರಾಗುವುದು ಮಾತ್ರವೇ ಹಿರಿದು, ಉಳಿದುದು ಕಿರಿದು ಎಂಬ ಎಣಿಕೆಗೆ ಕಾಯಕ ತತ್ತ್ವದಲ್ಲಿ ಎಡೆಯಿಲ್ಲ. ರಕ್ತ ಪರೀಕ್ಷಿಸುವ ಕೈ, ಯಂತ್ರ ಸರಿಪಡಿಸುವ ಕೈ, ಗಾಯ ತೊಳೆಯುವ ಕೈ ಎಲ್ಲವೂ ರೋಗಿಯ ಪಾಲಿಗೆ ಸಮಾನ. ಆ ಕೈಗಳು ನಮ್ಮ ಮನೆಗಳಿಂದಲೇ ಹೊರಡಲಿ, ನಮ್ಮ ಊರುಗಳಲ್ಲಿಯೇ ದುಡಿಯಲಿ ಎಂದು ಹಾರೈಸುತ್ತೇವೆ.