ನಮ್ಮ ಹೊಟ್ಟೆಬಾಕ ಬಂಡಿ

ಕೋಥರೂಡದ ನಮ್ಮ ಸಂಸಾರಕ್ಕೆ ಹಳೆಯ ಡೀಸೆಲ್ ಎಸ್‌ಯುವಿ ಒಂದುಂಟು. ದೀಪಾವಳಿಗೆ ಎಲ್ಲರನ್ನೂ ಹೊತ್ತು ಧಾರವಾಡಕ್ಕೆ, ಅವ್ವನ ಮನೆಗೆ ಮುಟ್ಟಿಸುವುದು ಅದೇ. ಲೀಟರಿಗೆ 13 ಕಿಲೊಮೀಟರು ಓಡುತ್ತಿದ್ದ ಈ ಬಂಡಿ ಮಳೆಗಾಲ ಕಳೆದ ಮೇಲೆ ತಿಂಗಳ ಲೆಕ್ಕವನ್ನೇ ಕೆಡಿಸಿತು. "ಮಾರಿಬಿಡರಿ, ಬಸ್ಸಿನಾಗ ಹೋಗೂಣು" ಎಂದರು ಮನೆಯವರು. ಗ್ಯಾರೇಜಿನವರು ಇಂಜೆಕ್ಟರುಗಳನ್ನೇ ಬದಲಿಸಿರೆಂದರು. ಆ ಖರ್ಚಿಗೆ ಹಬ್ಬದ ಪ್ರಯಾಣವೇ ನಿಲ್ಲಬೇಕಿತ್ತು.

ಕಚೇರಿಯ ಗುಮಾಸ್ತರಾದ ನಮಗೆ ಲೆಕ್ಕವೇ ಗತಿ. ಟ್ಯಾಂಕು ತುಂಬಿಸಿ 360 ಕಿಲೊಮೀಟರು ಓಡಿಸಿ ಮತ್ತೆ ತುಂಬಿಸಿದೆವು. 40 ಲೀಟರು ಹಿಡಿಯಿತು. ಲೀಟರಿಗೆ ಬರಿಯ 9! ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಬರೆದಷ್ಟು ಗಾಳಿಯನ್ನು, ಟಯರು ತಣ್ಣಗಿರುವಾಗಲೇ ತುಂಬಿಸಿದೆವು. ಧೂಳು ತುಂಬಿದ ಏರ್ ಫಿಲ್ಟರು ಬದಲಿಸಿದೆವು. ಗುಣ ಕಂಡಿತು, ಸಾಲದು.

ಒಂದು ರವಿವಾರ ನಸುಕಿನಲ್ಲಿ, ಸಂದಣಿಯಿಲ್ಲದ ಕರ್ವೆ ರಸ್ತೆಯಲ್ಲಿ ಬ್ರೇಕನ್ನು ಆದಷ್ಟು ಕಡಿಮೆ ಒತ್ತಿ ಹೋಗಿಬಂದೆವು. ಚಕ್ರಗಳ ಸಮೀಪ ಕೈಯೊಡ್ಡಿದರೆ (ಮುಟ್ಟಬಾರದು!) ಮೂರು ಬೆಚ್ಚಗಿದ್ದವು; ಮುಂದಿನ ಎಡಚಕ್ರ ಮಾತ್ರ ಕಾದ ಹೆಂಚು. ಬ್ರೇಕಿನ ಕ್ಯಾಲಿಪರಿನ ಪಿನ್ನು ತುಕ್ಕು ಹಿಡಿದು, ಕಾಲು ತೆಗೆದರೂ ಪ್ಯಾಡು ಡಿಸ್ಕನ್ನು ಬಿಡುತ್ತಿರಲಿಲ್ಲ. ಇಂಜಿನ್ನು ಮುಂದಕ್ಕೆಳೆದರೆ ಬ್ರೇಕು ಹಿಂದಕ್ಕೆಳೆಯುತ್ತಿತ್ತು. ಹೀಗೆಯೇ ಹೊರಟಿದ್ದರೆ ಖಂಬಾಟಕಿ ಘಾಟ ಇಳಿಯುವಾಗ ಕಾದ ಬ್ರೇಕು ಕೈಕೊಡುವ ಅಪಾಯವಿತ್ತು. ಡೀಸೆಲ್ಲಿನ ಚಿಂತೆಯೇ ನಮ್ಮನ್ನು ಕಾಯಿತು!

ಪಿನ್ನು ಶುಚಿಮಾಡಿಸಿ, ಬ್ರೇಕಿನ ಗ್ರೀಸು ಹಚ್ಚಿಸಿ, ಮುಂದಿನ ಎರಡೂ ಬದಿಯ ಪ್ಯಾಡು ಬದಲಿಸಿದ ಮೇಲೆ ಬಂಡಿ 12.5 ಕೊಟ್ಟಿತು. ಇಂಜೆಕ್ಟರು ಹಳೆಯವೇ ಇವೆ. ವಾಚಕ ಬಾಂಧವರೇ, ಮೊದಲು ಅಳೆಯಿರಿ, ಆಮೇಲೆ ಚಕ್ರಗಳನ್ನು ವಿಚಾರಿಸಿರಿ. ಜೇಬಿಗೆ ಕೈಹಾಕುವುದು ಕಡೆಗಿರಲಿ.