ಆಪ್ತರೆಂದರೆ ಯಾರು?

ಕನ್ನಡದ ನಿತ್ಯವ್ಯವಹಾರದಲ್ಲಿ ಆಪ್ತನೆಂದರೆ ಮನಸ್ಸಿಗೆ ಹತ್ತಿರವಾದವನು. ಜೈನದರ್ಶನದಲ್ಲಿ ಈ ಶಬ್ದಕ್ಕೆ ಇನ್ನೂ ಗಂಭೀರವಾದ ಅರ್ಥವಿದೆ. ಯಾರ ಮಾತನ್ನು ನಂಬಿ ನಡೆದರೆ ಜೀವಕ್ಕೆ ಹಿತವಾಗುವುದೋ ಅವನೇ ಆಪ್ತ. ರಾಗದ್ವೇಷಾದಿ ದೋಷಗಳಿಲ್ಲದಿರುವುದು, ಎಲ್ಲವನ್ನೂ ಅರಿತಿರುವುದು, ಹಿತವನ್ನೇ ಉಪದೇಶಿಸುವುದು ಇವು ಅವನ ಲಕ್ಷಣಗಳು. ಮನಸ್ಸಿಗೆ ಹತ್ತಿರವಾದವರೆಲ್ಲರೂ ನಂಬಿ ನಡೆಯಲು ಯೋಗ್ಯರಲ್ಲ ಎಂಬ ಎಚ್ಚರ ಈ ಒಂದು ಶಬ್ದದಲ್ಲಿಯೇ ಅಡಗಿದೆ.

ಇಂದು ಈ ಎಚ್ಚರದ ಅಗತ್ಯ ಹೆಚ್ಚಾಗಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲಿ ಯಾರನ್ನು ಹಿಂಬಾಲಿಸಬೇಕೆಂಬುದನ್ನು ಜನರು ಸಾಮಾನ್ಯವಾಗಿ ಅಭಿರುಚಿಯನ್ನು ನೋಡಿ ನಿರ್ಧರಿಸುತ್ತಾರೆ. ಸಂಗೀತಪ್ರಿಯರು ಗಾಯಕರನ್ನು, ಕೃಷಿಕರು ಕೃಷಿಕರನ್ನು, ಶಾಸನಾಸಕ್ತರು ಇತಿಹಾಸಕಾರರನ್ನು ಅರಸುತ್ತಾರೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಅಭಿರುಚಿ ಪರಿಚಯಕ್ಕೆ ಬಾಗಿಲು ಮಾತ್ರ. ಒಳಗಿರುವವರ ಗುಣಕ್ಕೆ ಅದು ಸಾಕ್ಷಿಯಲ್ಲ.

ಆಚಾರ್ಯ ಸಮಂತಭದ್ರರು 'ಆಪ್ತಮೀಮಾಂಸೆ'ಯ ಆರಂಭದಲ್ಲಿಯೇ ಜಿನೇಂದ್ರನನ್ನು ಕುರಿತು ಒಂದು ದಿಟ್ಟ ವಿಚಾರವನ್ನು ಮುಂದಿಡುತ್ತಾರೆ. ದೇವತೆಗಳು ಬಂದು ಸೇವಿಸುವುದು, ಆಕಾಶಗಮನ, ಚಾಮರದ ವೈಭವ ಇವೆಲ್ಲ ಮಾಯಾವಿಗಳಲ್ಲಿಯೂ ಕಾಣಬರುತ್ತವೆ. ಆದುದರಿಂದ ಇವುಗಳಿಂದಲೇ ಯಾರೂ ಪೂಜ್ಯರಾಗುವುದಿಲ್ಲವೆಂಬುದು ಅವರ ನಿಲುವು. ಆರಾಧ್ಯನ ವಿಷಯದಲ್ಲಿಯೇ ಆಚಾರ್ಯರು ಪರೀಕ್ಷೆಯನ್ನು ಬಿಡಲಿಲ್ಲ. ಹೀಗಿರುವಾಗ ಲಕ್ಷ ಲಕ್ಷ ಹಿಂಬಾಲಕರಿದ್ದಾರೆಂಬ ಒಂದೇ ಕಾರಣಕ್ಕೆ ಶ್ರಾವಕನು ಒಬ್ಬರ ಮಾತಿಗೆ ತಲೆದೂಗುವುದು ಹೇಗೆ ಯುಕ್ತವಾದೀತು? ಅಲ್ಲಿ ಸರ್ವಜ್ಞರನ್ನು ಯಾರೂ ನಿರೀಕ್ಷಿಸುವುದಿಲ್ಲ. ಹೇಳುವವರ ಮಾತಿನಲ್ಲಿ ರಾಗದ್ವೇಷ ಎಷ್ಟಿದೆ, ವಿಷಯದ ಅರಿವು ಎಷ್ಟಿದೆ, ಕೇಳುವವರ ಹಿತದ ಕಾಳಜಿ ಎಷ್ಟಿದೆ ಎಂದು ಅಳೆದು ನೋಡಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಪ್ರಾಚೀನ ಬಸದಿಗಳಲ್ಲಿ ಆಸಕ್ತಿಯುಳ್ಳ ಯುವಕನೊಬ್ಬನು ಅದೇ ಆಸಕ್ತಿಯ ಪುಟವೊಂದನ್ನು ಹಿಂಬಾಲಿಸುತ್ತಾನೆ. ಮೊದಲಿಗೆ ಮಾನಸ್ತಂಭ, ನಿಸಿದಿಗಲ್ಲುಗಳ ಸುಂದರ ಚಿತ್ರಗಳು ಬರುತ್ತವೆ. ಕ್ರಮೇಣ ಧರ್ಮಾಭಿಮಾನದ ಹೆಸರಿನಲ್ಲಿ ಅನ್ಯರ ನಿಂದೆ ಸೇರಿಕೊಳ್ಳುತ್ತದೆ. ಚಿತ್ರಕ್ಕೆ ಒತ್ತುತ್ತಿದ್ದ ಮೆಚ್ಚುಗೆಯ ಗುಂಡಿಯನ್ನು ಬೆರಳು ನಿಂದೆಗೂ ಒತ್ತುತ್ತದೆ. ತಾನು ಬೈಯಲಿಲ್ಲ, ಬೈಯಲು ಯಾರಿಗೂ ಹೇಳಲಿಲ್ಲವೆಂಬ ಸಮಾಧಾನವೂ ಅವನಿಗಿರುತ್ತದೆ.

ಜೈನ ಕರ್ಮಸಿದ್ಧಾಂತವು ಈ ಸಮಾಧಾನವನ್ನು ಒಪ್ಪುವುದಿಲ್ಲ. ಉಮಾಸ್ವಾತಿಗಳ 'ತತ್ತ್ವಾರ್ಥಸೂತ್ರ'ವು ಆಸ್ರವಕ್ಕೆ ಆಧಾರವಾಗುವ ಜೀವದ ವ್ಯಾಪಾರಗಳನ್ನು ಲೆಕ್ಕಹಾಕುವ ಕ್ರಮ ಹೀಗಿದೆ: ಸಂರಂಭ, ಸಮಾರಂಭ, ಆರಂಭ ಎಂದು 3, ಮನಸ್ಸು, ವಚನ, ಕಾಯ ಎಂದು 3, ಕೃತ, ಕಾರಿತ, ಅನುಮೋದನೆ ಎಂದು 3, ಕ್ರೋಧ, ಮಾನ, ಮಾಯೆ, ಲೋಭ ಎಂದು 4. ಇವನ್ನು ಗುಣಿಸಿದರೆ ಒಟ್ಟು 108. ಜಪಮಾಲೆಯ 108 ಮಣಿಗಳಿಗೆ ಈ ಲೆಕ್ಕವನ್ನೇ ಕಾರಣವಾಗಿ ಹೇಳುವುದುಂಟು. ತಾನು ಮಾಡುವುದು ಕೃತ, ಇತರರಿಂದ ಮಾಡಿಸುವುದು ಕಾರಿತ, ಮಾಡಿದುದನ್ನು ಮೆಚ್ಚುವುದು ಅನುಮೋದನೆ. ಬೆರಳ ತುದಿಯ ಮೆಚ್ಚುಗೆಯೂ ಅನುಮೋದನೆಯೇ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಉಪದೇಶವು ಶ್ರಾವಕರ ಗುಣವ್ರತಗಳಲ್ಲಿದೆ. ಪ್ರಯೋಜನವಿಲ್ಲದ ಪಾಪದಿಂದ ದೂರವಿರುವುದು ಅನರ್ಥದಂಡವಿರತಿ. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ವು ಅನರ್ಥದಂಡದ 5 ಭೇದಗಳನ್ನು ಹೇಳುತ್ತದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ದುಃಶ್ರುತಿಯೆಂದರೆ ರಾಗ, ದ್ವೇಷ, ಮದಗಳಿಂದ ಚಿತ್ತವನ್ನು ಕಲುಷಿತಗೊಳಿಸುವಂಥದನ್ನು ಕೇಳುವುದು. ಕೇಳಿಸಿಕೊಳ್ಳುವುದರಲ್ಲಿಯೂ ಸಂಯಮ ಬೇಕೆಂದು ಆಚಾರ್ಯರು ಶತಮಾನಗಳ ಹಿಂದೆಯೇ ಗೃಹಸ್ಥರಿಗೆ ತಿಳಿಸಿದ್ದಾರೆ. ಒಮ್ಮೆ ನೋಡಿದುದನ್ನೇ ಹೋಲುವ ಹತ್ತನ್ನು ಮುಂದೊಡ್ಡುವ ಯಂತ್ರವ್ಯವಸ್ಥೆಯ ಈ ಕಾಲದಲ್ಲಿ, ಒಂದು ದುಃಶ್ರುತಿ ಹತ್ತಾಗಲು ಹೊತ್ತು ಬೇಕಿಲ್ಲ.

ಹಾಗಾದರೆ ತನಗೆ ಒಪ್ಪದವರನ್ನೆಲ್ಲ ದೂರವಿಡಬೇಕೆ? ಖಂಡಿತವಾಗಿಯೂ ಅಲ್ಲ. ಹಾಗೆ ಮಾಡಿದರೆ ಶ್ರಾವಕನು ಏಕಾಂತವೆಂಬ ಮಿಥ್ಯಾತ್ವದ ಬಲೆಗೆ ಬೀಳುತ್ತಾನೆ. ವಸ್ತುವಿಗೆ ಅನೇಕ ಧರ್ಮಗಳಿವೆ. ಒಂದು ನಯದಿಂದ ಕಂಡದ್ದೇ ಪೂರ್ಣಸತ್ಯವಲ್ಲ. ತನ್ನ ಅಭಿಪ್ರಾಯವನ್ನೇ ಪ್ರತಿಧ್ವನಿಸುವವರ ನಡುವೆ ಕುಳಿತವನಿಗೆ ಅನೇಕಾಂತವು ಬಾಯಿಮಾತಾಗಿ ಉಳಿಯುತ್ತದೆ. ಆದುದರಿಂದ ಮತಭೇದ ಬೇರೆ, ಗುಣಹೀನತೆ ಬೇರೆ ಎಂಬ ವಿವೇಕ ಅಗತ್ಯ. ಸೌಜನ್ಯದಿಂದ ಭಿನ್ನಮತವನ್ನು ಹೇಳುವವರನ್ನು ಉಳಿಸಿಕೊಳ್ಳಬೇಕು. ತನ್ನ ಮತವನ್ನೇ ದ್ವೇಷದಿಂದ ಹೇಳುವವರನ್ನು ಬಿಡಬೇಕು. ಎರಡನೆಯದೇ ಹೆಚ್ಚು ಕಠಿನ; ಏಕೆಂದರೆ ಅಲ್ಲಿ ದ್ವೇಷವು ಸ್ವಧರ್ಮಪ್ರೀತಿಯ ವೇಷವನ್ನು ತೊಟ್ಟಿರುತ್ತದೆ.

ಬಿಡುವುದರಲ್ಲಿಯೂ ಒಂದು ರೀತಿಯಿದೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣದಲ್ಲಿ ಹಿರಿಯರಾದವರನ್ನು ಕಂಡು ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ತಿದ್ದಲಾಗದವರ ವಿಷಯದಲ್ಲಿ ಮಾಧ್ಯಸ್ಥ್ಯ ಇವು ತತ್ತ್ವಾರ್ಥಸೂತ್ರವು ಹೇಳುವ ನಾಲ್ಕು ಭಾವನೆಗಳು. ಬಯ್ಗುಳಕ್ಕೆ ಬಯ್ಗುಳದ ಉತ್ತರ ಬರೆದು ಹೊರಬರುವುದು ಮಾಧ್ಯಸ್ಥ್ಯವಲ್ಲ; ಮೌನವಾಗಿ ಸರಿದುನಿಲ್ಲುವುದು ಮಾಧ್ಯಸ್ಥ್ಯ. ಹಿಂಬಾಲಿಸುವುದಕ್ಕೆ ಪ್ರಮೋದವೇ ಆಧಾರವಾಗಲಿ. ಹೆಸರಿಲ್ಲದ ರೈತನಾಗಲಿ, ಹಳ್ಳಿಯ ಶಿಕ್ಷಕಿಯಾಗಲಿ, ಗುಣವಿದ್ದಲ್ಲಿ ಮನಸ್ಸು ಹಿಗ್ಗಲಿ.

ಶ್ರಾವಕನ ಸಾಮಾಯಿಕಕ್ಕೆ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಅವಧಿಯನ್ನು ಹೇಳುವ ರೂಢಿಯಿದೆ. ಆ ಹೊತ್ತಿನಲ್ಲಿ ಮೊಬೈಲನ್ನು ದೂರವಿಟ್ಟು ಕುಳಿತರೂ, ಹಗಲೆಲ್ಲ ನೋಡಿದ ಮುಖಗಳು, ಕೇಳಿದ ಮಾತುಗಳು ಚಿತ್ತದಲ್ಲಿ ಮೇಲೇಳುತ್ತವೆ. ಯಾರ ಮಾತು ಸಮಭಾವವನ್ನು ಕದಡುತ್ತದೆ, ಯಾರದು ತಿಳಿಗೊಳಿಸುತ್ತದೆ ಎಂಬುದು ಅಲ್ಲಿ ತಾನಾಗಿಯೇ ಸ್ಪಷ್ಟವಾಗುತ್ತದೆ. ಕದಡುವವರ ಹೆಸರನ್ನು ಪಟ್ಟಿಯಿಂದ ತೆಗೆಯಲು ಒಂದು ಕ್ಷಣ ಸಾಕು.